ಸೋಮಾರಿ ಕುಕ್ಕರಿನ ಮುಚ್ಚಳ

ಕುಕ್ಕರು ಮನೆಗೆ ಬಂದ ದಿನವೇ ಅಜ್ಜಿ ಅದಕ್ಕೊಂದು ಹೆಸರಿಟ್ಟುಬಿಟ್ಟಳು.

"ಬೆಳಿಗ್ಗೆ ಇಟ್ರೆ ಸಾಯಂಕಾಲ ಬೇಯುತ್ತಂತೆ! ಇದೇನು ಅಡುಗೆ ಮಾಡುತ್ತೋ, ಅರ್ಜಿ ವಿಚಾರಣೆ ಮಾಡುತ್ತೋ? ಸೋಮಾರಿ ಕಣೋ ಇದು, ಶುದ್ಧ ಸೋಮಾರಿ."

ಅಂದಿನಿಂದ ಎಲ್ಲರ ಬಾಯಲ್ಲೂ ಅದು ಸೋಮಾರಿಯೇ ಆಯಿತು. ನೋಡುವುದಕ್ಕೂ ಆ ಹೆಸರಿಗೆ ಮೋಸವಿರಲಿಲ್ಲ. ಉಂಡು ಕೂತ ಯಜಮಾನನ ಹಾಗೆ ದುಂಡು ಹೊಟ್ಟೆ, ಒಳಗೆ ಎತ್ತಲು ಎರಡು ಕೈ ಬೇಕಾಗುವ ಪಿಂಗಾಣಿ ಪಾತ್ರೆ, ಮೇಲೊಂದು ಗಾಜಿನ ಮುಚ್ಚಳ, ಮುಂದೊಂದು ತಿರುಗಿಸುವ ಗುಂಡಿ, ಹಿಂದೊಂದು ಕರೆಂಟಿನ ವಯರು. ಸೀಟಿಯಿಲ್ಲ, ಸದ್ದಿಲ್ಲ, ಕೆಳಗೆ ಉರಿಯೂ ಕಾಣುವುದಿಲ್ಲ. ಒಳಗೆ ಕೆಲಸ ನಡೆಯುತ್ತಿದೆ ಎಂದು ನಂಬಿ ಕೂರಬೇಕು, ಅಷ್ಟೆ. ನಂಬಿ ಕೂರುವ ಜನವೇ ಆ ಮನೆಯಲ್ಲಿರಲಿಲ್ಲ, ಅದೇ ತೊಂದರೆ.

ಅದನ್ನು ತಂದವಳು ಅಜ್ಜಿಯ ಸೊಸೆ, ಬಸ್ ಡ್ರೈವರನ ಹೆಂಡತಿ. ಎರಡು ಬೀದಿ ಆಚೆಗಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿಯ ಹೆಡ್ ನರ್ಸ್ ನಿವೃತ್ತಿಯಾಗಿ ಹೊರಡುವಾಗ ಇದನ್ನು ಇವಳ ಕೈಗೆ ಹಾಕಿ, "ನನ್ನ ಕುರ್ಚಿ ನಿನಗೆ ಬರುತ್ತಲ್ಲ, ಇದೂ ಜೊತೆಗೇ ಬರಲಿ. ಇದಿಲ್ದೆ ಆ ಕುರ್ಚೀಲಿ ಒಂದು ದಿನಾನೂ ಕೂರೋಕ್ಕಾಗಲ್ಲ" ಎಂದಿದ್ದರಂತೆ.

ಕುರ್ಚಿ ಬರುವುದು ನಿಜವೇ, ಇವಳು ಹೂಂ ಅನ್ನಬೇಕು. ಬೆಳಕು ಹರಿಯುವ ಮುಂಚೆ ಹೋಗಿ ದೀಪ ಹಾಕುವ ಹೊತ್ತಿಗೆ ಬರುವ ಕೆಲಸ. ತಿಂಗಳು ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು.

"ನಾನು ಆಗಲ್ಲ ಅಂತಾನೇ ಹೇಳ್ತೀನಿ," ಎಂದಳು ಊಟಕ್ಕೆ ಕೂತಾಗ. "ಅತ್ತೆ ಹೊಟ್ಟೆಗೆ ಅಂಗಡಿ ಊಟ ಒಗ್ಗಲ್ಲ. ಗುಬ್ಬಿಗೆ ಪರೀಕ್ಷೆ ಹತ್ರ ಬಂತು. ಇಬ್ಬರನ್ನೂ ನೋಡ್ಕೊಳ್ಳೋರು ಯಾರು?"

"ನಾನಿಲ್ವೇನೇ?" ಎಂದ ಡ್ರೈವರ್.

ಮೂವರೂ ತಟ್ಟೆಯಿಂದ ತಲೆಯೆತ್ತಿ ಅವನನ್ನು ನೋಡಿದರು. ಗುಬ್ಬಿ ಎಂದರೆ ಅವನ ಮಗಳು, ಕಾಲೇಜು ಹುಡುಗಿ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ಹೋದ್ಸಲ ನೀನು ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ಸುಟ್ಟಿದ್ದೆ."

"ಮೊಟ್ಟೇನೂ ಸುಟ್ಟಿದ್ದ," ಎಂದಳು ಅಜ್ಜಿ. "ನೀರಲ್ಲಿ ಹಾಕಿದ ಮೊಟ್ಟೇನ ಸುಟ್ಟೋನು ಭೂಮಿ ಮೇಲೆ ಇವನೊಬ್ಬನೇ."

ಡ್ರೈವರ್ ನಗಲಿಲ್ಲ. ಡಿಪೋದ ಕಣ್ಣು ಪರೀಕ್ಷೆಯಲ್ಲಿ ಕೊನೆಯ ಎರಡು ಸಾಲು ಓದಲಾಗದೆ ಅವನು ಸ್ಟೀರಿಂಗ್ ಬಿಟ್ಟು ಮನೆಗೆ ಬಂದು ಕೂತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವನು ಈಗ ಮುಂಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮುಂಬಾಗಿಲಿಗೆ ಟ್ರಿಪ್ಪು ಹೊಡೆಯುತ್ತಿದ್ದ. ತನ್ನ ಸೀಟು ಹೋದದ್ದು ಹೋಯಿತು. ಅದರ ಹಿಂದೆಯೇ ಅವಳ ಸೀಟೂ ಹೋದರೆ ಈ ಮನೆಯಲ್ಲಿ ತಾನು ತಲೆಯೆತ್ತಿ ಓಡಾಡುವ ಹಾಗಿಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

"ತಿಂಗಳು ಮುಗಿಯೋ ತನಕ ಟೈಮ್ ಇದೆಯಲ್ಲ. ಅಡುಗೆ ನಂದು. ಆಮೇಲೆ ನೋಡಿ ಹೇಳು," ಎಂದ.

ಹೆಂಡತಿ ಸೋಮಾರಿಯ ಕಡೆಗೂ ಗಂಡನ ಕಡೆಗೂ ಒಂದೊಂದು ಸಲ ನೋಡಿದಳು. "ಆಯ್ತು, ಡ್ರೈವರ್ ಸಾಹೇಬ್ರೆ. ನೋಡೇಬಿಡೋಣ."

ಮೊದಲ ದಿನ ಅವನು ಕೋಳಿ, ಆಲೂಗಡ್ಡೆ, ಕ್ಯಾರೆಟ್ ಎಲ್ಲ ಹೆಚ್ಚಿ ಹಾಕಿ, ರೇಡಿಯೇಟರಿಗೆ ಸುರಿಯುವ ಹಾಗೆ ಕತ್ತಿನ ಮಟ್ಟಕ್ಕೆ ನೀರು ತುಂಬಿಸಿ, ಗುಂಡಿ ತಿರುಗಿಸಿದ. ತಿರುಗಿಸಿ ಎದುರಿಗೇ ಸ್ಟೂಲು ಹಾಕಿಕೊಂಡು ಕೂತ. ಏನೂ ಆಗಲಿಲ್ಲ. ಮುಚ್ಚಳ ತೆಗೆದು ನೋಡಿದ. ಮುಚ್ಚಿದ. ಮನೆ ಗುಡಿಸಿ ಬಂದು ತೆಗೆದು ನೋಡಿದ. ಬಟ್ಟೆ ಒಣಹಾಕಿ ಬಂದು ತೆಗೆದು, ಒಂದು ಸುತ್ತು ಕೈಯಾಡಿಸಿದ. ಬಸ್ಸು ಓಡಿಸುವವನಿಗೆ ಕನ್ನಡಿ ನೋಡುತ್ತಲೇ ಇರುವುದು ಚಟ. ಎಡಗಡೆ, ಬಲಗಡೆ, ಒಳಗಡೆ, ಮತ್ತೆ ಎಡಗಡೆ. ಇಲ್ಲಿ ಅವನಿಗಿದ್ದ ಕನ್ನಡಿ ಆ ಗಾಜಿನ ಮುಚ್ಚಳ ಒಂದೇ, ಅದೂ ಹಬೆ ಹಿಡಿದು ಏನೂ ಕಾಣುತ್ತಿರಲಿಲ್ಲ.

ಸಂಜೆ ತಟ್ಟೆಗೆ ಬಿದ್ದದ್ದು ಬಿಸಿನೀರು. ಅದರಲ್ಲಿ ಕೋಳಿ ಈಜುತ್ತಿತ್ತು. ಕ್ಯಾರೆಟ್ ತುಂಡು ಅಜ್ಜಿಯ ಉಳಿದ ಹಲ್ಲುಗಳ ನಡುವೆ ಕಟುಂ ಎಂದಿತು.

"ಮಗಾ, ಇದನ್ನ ಬೇಯಿಸಿದ್ದೋ, ಸ್ನಾನ ಮಾಡಿಸಿದ್ದೋ?"

"ಅತ್ತೆ, ಪಾಪ, ಮೊದಲ ದಿನ," ಎಂದಳು ಹೆಂಡತಿ. ಆದರೆ ಎದ್ದು ಹೋಗಿ ಅತ್ತೆಗೆ ಹಾಲು ಬ್ರೆಡ್ ತಂದಳು. ಬೈದಿದ್ದರೂ ಡ್ರೈವರನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಗುಬ್ಬಿ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. "ಅಪ್ಪಾ, ಇದ್ರಲ್ಲಿ ನೀರು ಆವಿಯಾಗಿ ಹೋಗಲ್ವಂತೆ. ಕೋಳಿ, ಈರುಳ್ಳಿ ತಾವೇ ನೀರು ಬಿಡ್ತವೆ, ನೀನು ಸ್ವಲ್ಪ ಹಾಕಿದ್ರೆ ಸಾಕು. ಗಟ್ಟಿ ತರಕಾರಿ ಸಣ್ಣಕ್ಕೆ ಹೆಚ್ಚಿ ತಳಕ್ಕೆ ಹಾಕ್ಬೇಕು, ಮಾಂಸ ಅದರ ಮೇಲೆ. ಬಿಸಿ ಬರೋದು ತಳದಿಂದ, ಪಕ್ಕದಿಂದ. ಆಮೇಲೆ... ಮುಚ್ಚಳ ತೆಗೀಲೇಬಾರದು. ಒಂದ್ಸಲ ತೆಗೆದ್ರೆ ಹೋದ ಬಿಸಿ ತಿರುಗಿ ಬರೋಕೆ ಅರ್ಧ ಗಂಟೆ ಬೇಕಂತೆ. ನೀನೆಷ್ಟು ಸಲ ತೆಗೆದೆ?"

"ಒಂದೆರಡು ಸಲ," ಎಂದ ಡ್ರೈವರ್.

ಅಜ್ಜಿ ಮಂಚದಿಂದಲೇ, "ಒಂದೆರಡು ಡಜನ್ನು," ಎಂದಳು.

ಮಾರನೆಯ ದಿನದಿಂದ ನೀರು ಇಳಿಯಿತು, ಕ್ಯಾರೆಟ್ಟು ತಳ ಸೇರಿತು. ರುಚಿ ಒಂಚೂರು ಕುದುರಿತು. ಆದರೆ ಮುಚ್ಚಳದ ಮೇಲಿನ ಕೈ ಮಾತ್ರ ಹಿಂದೆ ಬರಲಿಲ್ಲ. ನೋಡಬಾರದು ಎಂದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಒಳಗೆ ಎಲ್ಲಾದರೂ ತಳ ಹಿಡಿದುಬಿಟ್ಟರೆ? ಕರೆಂಟು ಹೋಗಿದ್ದರೆ? ಗುಂಡಿ ಜಾರಿದ್ದರೆ? ಮತ್ತೆ ಒಳಗೆ ಓಡುತ್ತಿದ್ದ. ಊಟದ ಹೊತ್ತಿಗೆ ಆಲೂಗಡ್ಡೆಯ ನಡುವೆ ಯಾವಾಗಲೂ ಒಂದು ಹಸಿ ಗಂಟು ಉಳಿದಿರುತ್ತಿತ್ತು.

ಇಷ್ಟಾದರೂ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ರಾಜ್ಮಾ ಕಾಳು.

ದಿನಾ ಕೋಳಿ ತಂದರೆ ಕೈ ಸುಡುತ್ತದೆ ಎಂದು ಡ್ರೈವರ್ ಒಂದು ದಿನ ಕಾಳು ನೆನೆಸಿ, ನೀರು ಬಸಿದು, ಹಾಗೇ ಸೋಮಾರಿಯ ಹೊಟ್ಟೆಗೆ ಸುರಿದ. ಇಡೀ ದಿನ ಬೇಯುವಾಗ ಕಾಳಿಗೇನು ಕಷ್ಟ ಎಂದುಕೊಂಡ. ನೋಡಲು ಚೆನ್ನಾಗಿಯೇ ಇತ್ತು, ಒಂದೊಂದು ಕಾಳು ಮಾತ್ರ ಸ್ವಲ್ಪ ಬಿರುಸು. ಅಜ್ಜಿ ಅಂದು ಹೊಗಳಿಕೊಂಡು ಎರಡು ಸಲ ಹಾಕಿಸಿಕೊಂಡಳು. ಹಾಸಿಗೆ ಹಾಸುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೂ ಮಂಚಕ್ಕೂ ಓಡಾಡತೊಡಗಿದಳು. ಹಿಂದೆಯೇ ಗುಬ್ಬಿ. ಅವಳ ಹಿಂದೆ ಡ್ರೈವರ್. ತಡವಾಗಿ ಬಂದು ಹಣ್ಣು ತಿಂದು ಮಲಗಿದ್ದ ಹೆಂಡತಿಯೊಬ್ಬಳೇ ನೆಟ್ಟಗಿದ್ದಳು.

"ಕಾಳು ಮೊದಲು ಒಲೆ ಮೇಲೆ ಕುದಿಸಿದ್ರಾ?" ಎಂದಳು, ಅತ್ತೆಯ ಬೆನ್ನು ನೀವುತ್ತ.

"ಕುದಿಸೋದಾ? ಯಾಕೆ? ಸೋಮಾರಿ ಇದ್ಯಲ್ಲ..."

"ರೀ, ಆ ಕಾಳಲ್ಲಿ ವಿಷದ ಅಂಶ ಇರುತ್ತೆ. ಗಳಗಳ ಅಂತ ಹತ್ತು ನಿಮಿಷ ಕುದ್ರೇನೇ ಅದು ಸಾಯೋದು. ನಿಮ್ಮ ಸೋಮಾರಿ ಕುದಿಸೋದೇ ಇಲ್ಲ, ಬೆಚ್ಚಗೆ ಇಟ್ಟು ಜೋಗುಳ ಹಾಡುತ್ತೆ!"

ಅಜ್ಜಿ ಅಷ್ಟರಲ್ಲೂ ಬಿಡಲಿಲ್ಲ. "ಅಮ್ಮನ್ನ ಸಾಗಹಾಕ್ಬೇಕು ಅಂದ್ರೆ ಬಾಯಿಬಿಟ್ಟು ಹೇಳ್ಬಾರ್ದೇನೋ, ಮಗಾ? ಇಷ್ಟೊಂದು ಹೊತ್ತು ಬೇಯಿಸ್ಬೇಕಿತ್ತಾ?"

ಬೆಳಿಗ್ಗೆ ಎಲ್ಲರ ಹೊಟ್ಟೆ ಸುಧಾರಿಸಿತ್ತು. ಹೆಂಡತಿಯ ಮುಖ ಸುಧಾರಿಸಿರಲಿಲ್ಲ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ, "ಇವತ್ತೇ ಆಗಲ್ಲ ಅಂತ ಹೇಳ್ಬಿಡ್ತೀನಿ. ಈ ಆಟ ಸಾಕು," ಎಂದಳು.

ಡ್ರೈವರ್ ಬಾಗಿಲಿಗೆ ಅಡ್ಡ ನಿಂತ. "ತಿಂಗಳು ಮುಗೀಲಿ. ನೀನೇ ಕೊಟ್ಟ ಮಾತು."

"ಅಷ್ಟರಲ್ಲಿ ಮನೇಲಿ ಯಾರಾದ್ರೂ ಉಳಿದಿರ್ತಾರಾ?"

"ಇನ್ಮೇಲೆ ಮುಚ್ಚಳ ಮುಟ್ಟಲ್ಲ. ಹೇಳಿದ್ದು ಹೇಳಿದ ಹಾಗೆ ಮಾಡ್ತೀನಿ. ನಿನ್ನಾಣೆ."

"ನನ್ನ ಮೇಲೆ ಯಾಕೆ ಆಣೆ? ಸೋಮಾರಿ ಮೇಲೆ ಇಡಿ," ಎಂದು ಅವನನ್ನು ಪಕ್ಕಕ್ಕೆ ಸರಿಸಿ ಹೋದಳು. ಆದರೆ ಅಂದು ಆಸ್ಪತ್ರೆಯಲ್ಲಿ ಆಗಲ್ಲ ಎಂದು ಹೇಳಿಯೂ ಬರಲಿಲ್ಲ.

ಆಮೇಲೆ ಡ್ರೈವರ್ ನಿಜವಾಗಿಯೂ ಮುಟ್ಟಲಿಲ್ಲ. ಕೈ ತುರಿಸಿದಾಗ ಕಿಟಕಿ ಒರೆಸಿದ, ಅಟ್ಟದ ಸಾಮಾನು ಇಳಿಸಿ ಜೋಡಿಸಿದ, ಗುಬ್ಬಿಯ ಸೈಕಲ್ಲು ಬಿಚ್ಚಿ ಸರಿ ಮಾಡಿದ. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಮಾರ್ಕೆಟ್ಟಿಗೆ ಹೋಗಿ, ಬೇಕಂತಲೇ ದೂರದ ದಾರಿ ಹಿಡಿದು ಬರುತ್ತಿದ್ದ. ಇಷ್ಟು ಕಟ್ಟುನಿಟ್ಟು ಮಾಡಿದರೂ ಸಂಜೆ ಆಲೂಗಡ್ಡೆಯ ನಡುವೆ ಅದೇ ಹಸಿ ಗಂಟು. ಜೊತೆಗೆ ಹೊಸದೊಂದು ರೋಗ ಶುರುವಾಗಿತ್ತು: ಉಪ್ಪು. ತಿಂದವರು ಚೊಂಬುಗಟ್ಟಲೆ ನೀರು ಕುಡಿಯುವಷ್ಟು ಉಪ್ಪು.

ನೀರು ಒಳಗೇ ಉಳಿಯುವ ಕುಕ್ಕರಿನಲ್ಲಿ ಉಪ್ಪು ಜಾಸ್ತಿ ಹಿಡಿಯುತ್ತದೋ ಏನೋ ಎಂದು ಅವನು ಅರ್ಧ ಹಾಕಿದ. ಆದರೂ ಉಪ್ಪು. ಚಿಟಿಕೆ ಹಾಕಿದ. ಆದರೂ ಉಪ್ಪು. ಕೊನೆಗೆ ಹಾಕುವುದನ್ನೇ ಬಿಟ್ಟ.

ಅಂದು ಊಟಕ್ಕೆ ಕೂತಾಗ ಅಜ್ಜಿ ಬಾಯಿ ಚಪ್ಪರಿಸಿ, "ಇವತ್ತು ಉಪ್ಪು ಹದವಾಗಿದೆ ಕಣೋ" ಎಂದಳು.

ಡ್ರೈವರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನಿಗೆ ಡಿಪೋ ನೆನಪಾಯಿತು. ಅಲ್ಲಿ ಡೀಸೆಲ್ ಕಳುವಾದಾಗ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಸುತ್ತಿ ಸೀಲು ಹಾಕುತ್ತಿದ್ದರು. ಯಾರಾದರೂ ಬಿಚ್ಚಿದ್ದರೆ ಬೆಳಗಾಗುವಾಗ ಗೊತ್ತಾಗುತ್ತಿತ್ತು. ಮಾರನೆಯ ದಿನ ಸೋಮಾರಿಯನ್ನು ಹತ್ತಿಸಿ, ಮುಚ್ಚಳದ ಹಿಡಿಯಿಂದ ಕುಕ್ಕರಿನ ಹಿಡಿಯವರೆಗೆ ಒಂದು ಉದ್ದನೆಯ ಕಂದು ಕಾಗದದ ಟೇಪು ಬಿಗಿಯಾಗಿ ಅಂಟಿಸಿ, ಡಿಪೋದಲ್ಲಿ ಕೆಲಸವಿದೆ ಎಂದು ಹೇಳಿ ಹೊರಗೆ ಹೋದ.

ಸಾಯಂಕಾಲ ಬಂದು ನೋಡಿದರೆ ಟೇಪು ಇತ್ತು. ಆದರೆ ಮೂರು ಕಡೆ ಹರಿದು, ಮೂರು ಕಡೆ ತೇಪೆ ಹಾಕಿಸಿಕೊಂಡಿತ್ತು. ಒಂದು ತೇಪೆ ಹಳೆಯ ಕ್ಯಾಲೆಂಡರಿನ ತುಂಡು, ಮೈದಾ ಹಿಟ್ಟಿನ ಅಂಟಿನಲ್ಲಿ ಮೆತ್ತಿದ್ದು. ಅದು ಅಜ್ಜಿ. ಇನ್ನೊಂದು ಪುಸ್ತಕಕ್ಕೆ ಹಾಕುವ ಪಾರದರ್ಶಕ ಟೇಪು. ಗುಬ್ಬಿ. ಮೂರನೆಯದು ಬೆಳ್ಳಗೆ, ಅಂಚು ಸಮವಾಗಿ ಕತ್ತರಿಸಿ, ಒಂದು ಸುಕ್ಕೂ ಇಲ್ಲದ ಹಾಗೆ ಅಂಟಿಸಿದ್ದು. ಗಾಯದ ಬ್ಯಾಂಡೇಜಿಗೆ ಹಾಕುವ ಟೇಪು.

ಮೊದಲೆರಡನ್ನು ನೋಡಿ ಅವನಿಗೆ ನಗು ಬಂದಿತ್ತು. ಮೂರನೆಯದನ್ನು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟ.

ಹೆಂಡತಿ ಬಂದಳು. ಅಷ್ಟರಲ್ಲಿ ಅವನು ಸೋಮಾರಿಯನ್ನು ಟೇಪಿನ ಸಮೇತ ಊಟದ ಮೇಜಿನ ನಡುವೆ ತಂದಿಟ್ಟಿದ್ದ.

"ಎಲ್ಲಾ ಬನ್ನಿ. ಪಂಚನಾಮೆ ಇದೆ."

ಅಜ್ಜಿ ಬಂದು ನೋಡಿದಳು, ಎಲ್ಲ ತಿಳಿಯಿತು, ಒಡನೆ ಜೋರು ಮಾಡಿದಳು. "ಹೂಂ, ತೆಗೆದೆ. ಏನೀಗ? ಉಪ್ಪು ಹಾಕಿದ್ದೀಯೋ ಇಲ್ವೋ ಅಂತ ನೋಡ್ದೆ. ಇರಲಿಲ್ಲ, ಹಾಕ್ದೆ. ನಿನ್ನ ಹೆತ್ತೋಳಿಗೆ ಅಷ್ಟೂ ಹಕ್ಕಿಲ್ವಾ?"

"ನಾನು ಬರೀ ಒಂದು ತುಂಡು ತಿಂದು ನೋಡ್ದೆ ಅಪ್ಪಾ. ಹಸಿವಾಗಿತ್ತು. ಸಪ್ಪೆ ಅನ್ನಿಸ್ತು, ಚೂರೇ ಚೂರು ಉಪ್ಪು..." ಎಂದಳು ಗುಬ್ಬಿ.

"ನೀನೂನಾ?" ಅಜ್ಜಿ ಕಣ್ಣರಳಿಸಿದಳು. "ಅದಕ್ಕೇ ನನಗೆ ರಾತ್ರಿಯೆಲ್ಲ ದಾಹ!"

ಡ್ರೈವರ್ ಹೆಂಡತಿಯ ಕಡೆಗೇ ನೋಡುತ್ತಿದ್ದ. "ಮಧ್ಯಾಹ್ನ ಬಂದು ಹೋಗ್ತಿದ್ದೀಯಾ?"

"ಹೂಂ."

"ದಿನಾ?"

"ಆ ಕಾಳಿನ ರಾತ್ರಿ ಆದ್ಮೇಲೆ, ದಿನಾ. ನೀವು ಮಾರ್ಕೆಟ್ಟಿಗೆ ಹೋಗಿರ್ತೀರಲ್ಲ. ಊಟದ ಬಿಡುವಲ್ಲಿ."

"ಮತ್ತೆ ನಿನ್ನ ಊಟ?"

ಉತ್ತರ ಅಜ್ಜಿಯೇ ಕೊಟ್ಟಳು. "ಅದಕ್ಕೇ ಸಾಯಂಕಾಲ ಬಂದೋಳೇ ನಿಂತ್ಕೊಂಡೇ ಬ್ರೆಡ್ ತಿನ್ನೋದು."

"ಬಸ್ಸಲ್ಲಿ ಬೋರ್ಡ್ ಹಾಕಿರ್ತಾರೆ ಗೊತ್ತಾ," ಎಂದ ಡ್ರೈವರ್. ದನಿ ಏರುತ್ತಿತ್ತು. "ಓಡಿಸೋನ ಜೊತೆ ಮಾತಾಡ್ಬೇಡಿ ಅಂತ. ಇಲ್ಲಿ ಮೂರೂ ಜನ ಬಂದು ಸ್ಟೀರಿಂಗೇ ಹಿಡ್ಕೊಂಡಿದ್ದೀರಲ್ಲ! ಅಮ್ಮ ಬಿಡು, ಗುಬ್ಬಿ ಬಿಡು. ನೀನು ಕದ್ದು ಬಂದು, ಕದ್ದು ನೋಡಿ, ಟೇಪು ನೀಟಾಗಿ ಅಂಟಿಸಿ ಹೋಗ್ತೀಯಾ? ನಾನೇನು ನಿನ್ನ ವಾರ್ಡಿನ ಪೇಷಂಟಾ?"

"ಪೇಷಂಟ್ ಆಗಿದ್ರೆ ಬೇಗ ಸುಧಾರಿಸ್ತಿದ್ರಿ!" ಅವಳ ದನಿಯೂ ಏರಿತು. "ಇಡೀ ದಿನ ನನ್ನ ಕೆಲಸಾನೇ ಅದು, ರೀ. ನೋಡೋದು. ಮತ್ತೆ ನೋಡೋದು. ಒಂದ್ಸಲ ನೋಡ್ಲಿಲ್ಲ ಅಂದ್ರೆ ಯಾರಿಗೋ ಏನೋ ಆಗುತ್ತೆ. ಅತ್ತೆ ಆವತ್ತು ಬಚ್ಚಲಲ್ಲಿ ಕೂತಿದ್ದು ನನ್ನ ಕಣ್ಮುಂದೇನೇ ಇದೆ. ಹೇಗೆ ಸುಮ್ನಿರ್ಲಿ?"

"ಹಾಗಾದ್ರೆ ಆ ಕುರ್ಚೀಲಿ ಕೂತ್ಮೇಲೂ ಓಡಿ ಬರ್ತೀಯಾ? ಎಷ್ಟು ದಿನ ಉಪವಾಸ ಓಡ್ತೀಯಾ?"

ಡ್ರೈವರ್ ಟೇಪು ಕಿತ್ತ. ಒಳಗೆ ಆಲೂಗಡ್ಡೆ, ಅದೇ ಹಸಿ ಗಂಟು. ಎಲ್ಲರೂ ತಲೆ ತಗ್ಗಿಸಿಕೊಂಡು ಅದನ್ನೇ ತಿಂದರು.

ತಟ್ಟೆ ತೊಳೆಯುವಾಗ ಹೆಂಡತಿ ನಲ್ಲಿಯ ಕಡೆಗೆ ಮುಖ ಮಾಡಿಯೇ ಹೇಳಿದಳು. "ನಾಳಿದ್ದು ಬೆಳಿಗ್ಗೆ ಉತ್ತರ ಹೇಳ್ಬೇಕು. ನಾಳೆ ಊಟ ನೋಡಿ ಹೇಳ್ತೀನಿ."

"ನಾಳೆ ನೀನು ಬರಬಾರದು."

"ನೀವೂ ಮನೇಲಿರಬಾರದು," ಎಂದಳು. "ನೀವಿದ್ರೆ ಕೈ ಹೋಗುತ್ತೆ, ನನಗೆ ಗೊತ್ತು."

ಬೆಳಿಗ್ಗೆ ಅವನು ಕ್ಯಾರೆಟ್, ಆಲೂಗಡ್ಡೆ ಸಣ್ಣಗೆ ಹೆಚ್ಚಿ ತಳಕ್ಕೆ ಹರಡಿದ. ಮಾಂಸವನ್ನು ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಬಾಡಿಸಿ ಮೇಲಿಟ್ಟ. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಮೆಣಸಿನ ಪುಡಿ. ಒಂದು ಲೋಟ ನೀರು, ಅಷ್ಟೇ. ಗುಂಡಿಯನ್ನು ಸಣ್ಣ ಉರಿಗೆ ತಿರುಗಿಸಿದ. ಟೇಪು ಅಂಟಿಸಲಿಲ್ಲ.

"ಅಮ್ಮಾ, ಇನ್ನು ನಿನ್ನ ಕೈಲಿದೆ."

"ಹೋಗೋ. ಹತ್ರ ಬಂದೋರ ಕೈ ಮುರೀತೀನಿ," ಎಂದು ಅಜ್ಜಿ ಊರುಗೋಲು ಹಿಡಿದು ಸ್ಟೂಲಿನ ಮೇಲೆ ಕೂತಳು. "ನನ್ನ ಕೈಯನ್ನೂ ಸೇರಿಸಿ."

ಎಲ್ಲಿಗೆ ಹೋಗುವುದೆಂದು ತಿಳಿಯದೆ ಡ್ರೈವರ್ ತನ್ನ ಹಳೆಯ ರೂಟಿನ ಬಸ್ಸು ಹತ್ತಿದ. ಟಿಕೆಟ್ಟು ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಆ ಬಸ್ಸಿನ ಕಿಟಕಿ ಪಕ್ಕ ಕೂತ. ಓಡಿಸುತ್ತಿದ್ದವನು ಹೊಸ ಹುಡುಗ. ತಿರುವು ಬಂದಾಗಲೆಲ್ಲ ಡ್ರೈವರನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಕಂಡಕ್ಟರ್ ಹಳೆಯ ಪರಿಚಯದವನು. "ಏನ್ ಡ್ರೈವರಣ್ಣಾ, ಟಿಕೆಟ್ಟೂ ತಗೊಂಡು ಬ್ರೇಕೂ ನೀವೇ ಹಾಕ್ತಿದ್ದೀರಾ?"

ಸುತ್ತಲಿನವರು ನಕ್ಕರು. ಡ್ರೈವರ್ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡ. ಹೊಸ ಹುಡುಗ ಗೇರು ಸ್ವಲ್ಪ ತಡವಾಗಿ ಬದಲಿಸುತ್ತಿದ್ದ. ಆದರೂ ಬಸ್ಸು ಹೋಗುತ್ತಿತ್ತು. ಎಲ್ಲ ನಿಲ್ದಾಣದಲ್ಲೂ ಜನ ಹತ್ತಿದರು, ಇಳಿದರು. ಕೊನೆಯ ನಿಲ್ದಾಣದವರೆಗೂ ಹೋಗಿ, ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ಸು ಬಂದ. ಮತ್ತೊಂದು ಸುತ್ತು ಹೋದ. ಎರಡನೆಯ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಅವನಿಗೆ ನಿದ್ದೆ ಹತ್ತಿತ್ತು.

ಮನೆಯ ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು. ಪಕ್ಕದ ಮನೆಯದೇನೋ ಅಂದುಕೊಂಡ. ಒಳಗೆ ಅಜ್ಜಿ ಸ್ಟೂಲಿನ ಮೇಲೇ, ಗೋಲಿನ ಮೇಲೆ ಗಲ್ಲವಿಟ್ಟು ತೂಕಡಿಸುತ್ತಿದ್ದಳು. ಗುಬ್ಬಿ ಪುಸ್ತಕ ಹಿಡಿದು ಅಡುಗೆಮನೆಯಿಂದ ಆದಷ್ಟು ದೂರ, ಮುಂಬಾಗಿಲ ಹೊಸ್ತಿಲಲ್ಲಿ ಕೂತಿದ್ದಳು. ಹೆಂಡತಿ ಬಂದು ಕೈ ತೊಳೆದು ಮೇಜಿಗೆ ಬಂದಳು. ಅಭ್ಯಾಸಬಲದಿಂದ ಅವಳ ಕೈ ಮುಚ್ಚಳದ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಹಿಂದೆ ಬಂತು.

"ನೀವೇ ತೆಗೀರಿ," ಎಂದಳು.

ಡ್ರೈವರ್ ಮುಚ್ಚಳ ತೆಗೆದ. ಹಬೆ ಎದ್ದು ಅವನ ಕನ್ನಡಕ ಮಸುಕಾಯಿತು. ಸೌಟು ಹಾಕಿದರೆ ಮಾಂಸ ಮೂಳೆ ಬಿಟ್ಟು ತಾನೇ ಜಾರಿ ಬಂತು. ಆಲೂಗಡ್ಡೆ ಬೆರಳು ತಾಗಿದರೆ ಸಾಕು, ಬೆಣ್ಣೆ. ಕ್ಯಾರೆಟ್ಟಂತೂ ಅಜ್ಜಿಯ ಒಸಡಿಗೂ ಸೋತಿತ್ತು. ಮೂವರೂ ಮೊದಲ ತುತ್ತು ಬಾಯಿಗಿಟ್ಟರು. ಅವನು ಒಬ್ಬೊಬ್ಬರ ಮುಖವನ್ನೂ ಕನ್ನಡಿ ನೋಡುವ ಹಾಗೆ ನೋಡಿದ: ಎಡಗಡೆ, ಬಲಗಡೆ, ಎದುರಿಗೆ.

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. "ಮಗಾ. ಉಪ್ಪು?"

ಡ್ರೈವರ್ ಉಪ್ಪು ಹಾಕುವುದನ್ನು ಬಿಟ್ಟು ಎರಡು ದಿನವಾಗಿತ್ತು, ಇಂದು ಹಾಕಬೇಕೆಂಬುದೇ ನೆನಪಾಗಿರಲಿಲ್ಲ. ತಾನೇ ಒಂದು ತುತ್ತು ಬಾಯಿಗಿಟ್ಟ. ಸಪ್ಪೆ. ಒಂದು ಹರಳೂ ಇಲ್ಲದಂಥ ಸಪ್ಪೆ.

"ಮರೆತೆ," ಎಂದ. ದನಿ ಬಿದ್ದುಹೋಗಿತ್ತು. "ಎಲ್ಲಾ ಸರಿ ಮಾಡಿ ಅದೊಂದನ್ನ..."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡ. ಅವಳು ನಗುತ್ತಿದ್ದಳು. ತಡೆಯಲಾರದೆ, ಭುಜ ಅಲುಗಿಸಿಕೊಂಡು ನಗುತ್ತಿದ್ದಳು.

"ಒಂಚೂರೂ ಉಪ್ಪಿಲ್ಲ," ಎಂದಳು. "ಅಂದ್ರೆ ಯಾರೂ ಮುಟ್ಟಿಲ್ಲ!"

ಗುಬ್ಬಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಲನ್ನು ನೆಲಕ್ಕೆ ಕುಟ್ಟಿದಳು. "ಮುಟ್ಟಲ್ಲ ಅಂದ್ಮೇಲೆ ಮುಟ್ಟಲ್ಲ! ಏನಂದ್ಕೊಂಡೆ ನನ್ನ?"

ನಗು ಇಳಿದ ಮೇಲೆ ಡ್ರೈವರ್ ಮೆಲ್ಲಗೆ ಕೇಳಿದ. "ಹಾಗಾದ್ರೆ ನಾಳೆ ಏನು ಹೇಳ್ತೀಯಾ?"

"ನಾಳೆ ಏನೂ ಹೇಳಲ್ಲ. ಮಧ್ಯಾಹ್ನ ಬಿಡುವಲ್ಲಿ ಕಾಲು ಮನೆ ಕಡೆಗೇ ಹೊರಟಿತ್ತು. ಆಸ್ಪತ್ರೆ ಗೇಟಿನ ತನಕ ಬಂದೆ. ಆಮೇಲೆ ತಿರುಗಿ ಹೋಗಿ, ಕ್ಯಾಂಟೀನಲ್ಲಿ ಹೊಟ್ಟೆ ತುಂಬ ಊಟ ಮಾಡಿ, ಮೇಲಿನೋರ ರೂಮಿಗೆ ಹೋಗಿ ಹೂಂ ಅಂದೆ."

"ಊಟ ನೋಡಿ ಹೇಳ್ತೀನಿ ಅಂದಿದ್ದೆ?"

"ನೋಡಿದ್ರೆ ಬಿಸಿ ಹೋಗುತ್ತಲ್ಲ," ಎಂದಳು.

ಗುಬ್ಬಿ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು. ಅದು ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಎಲ್ಲರೂ ತಮ್ಮ ತಮ್ಮ ತಟ್ಟೆಗೆ ತಮಗೆ ಬೇಕಾದಷ್ಟು ಹಾಕಿಕೊಂಡರು. ಡಬ್ಬಿ ಡ್ರೈವರನ ಹತ್ತಿರ ಬರುವ ಹೊತ್ತಿಗೆ ಅವನು ಸಪ್ಪೆಯನ್ನೇ ಅರ್ಧ ತಟ್ಟೆ ಮುಗಿಸಿದ್ದ.